ನಮ್ಮ ಬಾಟಲಿ, ನಿಮ್ಮ ಲೋಟ

ಹೋಟೆಲಿಗೆ ತಮ್ಮದೇ ವೈನ್ ತೆಗೆದುಕೊಂಡು ಹೋಗುವವರಲ್ಲಿ ರಸಿಕರು ಕೆಲವರು, ಲೆಕ್ಕಾಚಾರದವರು ಹಲವರು. ಎರಡನೆಯವರು ಮೊದಲನೆಯವರ ವೇಷದಲ್ಲೇ ಬರುತ್ತಾರೆ ಎಂಬುದಷ್ಟೇ ತೊಡಕು. ನಾನು ಯಾವ ಪಂಗಡ ಎಂದು ನನ್ನ ಹೆಂಡತಿಯನ್ನು ಕೇಳಬೇಕಾಗಿಲ್ಲ, ಕೇಳದೆಯೇ ಹೇಳುತ್ತಾಳೆ.

ಮೆಲ್ಬರ್ನಿನಲ್ಲಿ ಈ ವೇಷಕ್ಕೆ ಸರ್ಕಾರದ ಒಪ್ಪಿಗೆಯೇ ಇದೆ. ಹೋಟೆಲಿನ ಗಾಜಿನ ಮೇಲೆ ‘ಬಿವೈಓ’ ಎಂಬ ಮೂರಕ್ಷರ ಕಂಡರೆ ನಿಮ್ಮ ಬಾಟಲಿ ನೀವೇ ತರಬಹುದು. ಕೆಳಗೆ ಸಣ್ಣದಾಗಿ ‘ವೈನ್ ಮಾತ್ರ’ ಎಂದಿರುವುದು, ಬಿಯರಿನ ಡಬ್ಬಿ ಹೊತ್ತು ಬರುವ ಕಾಲೇಜು ಹುಡುಗರಿಗಾಗಿ. ‘ಹೊರಗಿನ ತಿಂಡಿ ತಿನಿಸುಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನ ಕೆಳಗೆ ಕೂತು ದೋಸೆ ತಿಂದು ಬೆಳೆದ ನನಗೆ ಇದನ್ನು ನಂಬುವುದೇ ಕಷ್ಟವಾಯಿತು. ದರ್ಶಿನಿಗೆ ಮನೆಯಿಂದ ಇಡ್ಲಿ ಕಟ್ಟಿಕೊಂಡು ಹೋಗಿ, ಚಟ್ನಿ ಮಾತ್ರ ಹಾಕಿ ಎಂದು ತಟ್ಟೆ ಒಡ್ಡಿದರೆ ಏನಾದೀತು ಯೋಚಿಸಿ. ಇನ್ನು ಬಾಟಲಿಯ ಮಾತೆಲ್ಲಿ? ಲೈಸೆನ್ಸಿಲ್ಲದ ಹೋಟೆಲಿನಲ್ಲಿ ಅದರ ಮುಚ್ಚಳ ತೆಗೆದರೆ ಅಬಕಾರಿಯವರು ಬರುತ್ತಾರೆ. ಹಾಗಾಗಿ ಈ ಕಲೆ ನಮ್ಮಲ್ಲಿ ಮೇಜಿನ ಕೆಳಗೇ ಬೆಳೆಯಿತು: ಹೆದ್ದಾರಿ ಪಕ್ಕದ ಡಾಬಾ, ಸ್ಟೀಲ್ ಲೋಟ, ಬಣ್ಣ ಮರೆಸಲು ಒಂದಿಷ್ಟು ಪೆಪ್ಸಿ, ಮಾಣಿಯ ಜಾಣಗುರುಡು.

ಮೆಲ್ಬರ್ನಿನಲ್ಲೂ ಮೊದಲಿನಿಂದ ಇಷ್ಟು ಧಾರಾಳ ಇರಲಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ 1916ರಿಂದ 1966ರವರೆಗೆ, ಪೂರಾ ಐವತ್ತು ವರ್ಷ, ಪಬ್ಬುಗಳು ಸಂಜೆ ಆರಕ್ಕೆ ಬಾಗಿಲು ಹಾಕಬೇಕಿತ್ತು. ಗಂಡಸರು ಬೇಗ ಮನೆ ಸೇರಲಿ ಎಂಬ ಸದುದ್ದೇಶ. ಅವರು ಐದಕ್ಕೆ ಕೆಲಸ ಬಿಟ್ಟು, ಇಡೀ ರಾತ್ರಿಯ ಪಾಲನ್ನು ಒಂದೇ ಗಂಟೆಯಲ್ಲಿ ಸುರಿದುಕೊಂಡು, ಬೇಗನೇನೋ ಮನೆ ಸೇರುತ್ತಿದ್ದರು, ಯಾವ ಸ್ಥಿತಿಯಲ್ಲಿ ಎಂಬುದನ್ನು ಕಾನೂನು ಕೇಳಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿ, ಗ್ರೀಸಿನಿಂದ ಬಂದವರು ಸಣ್ಣಪುಟ್ಟ ಊಟದ ಮನೆ ತೆರೆದರು. ವೈನಿಲ್ಲದೆ ಅವರಿಗೆ ತುತ್ತು ಇಳಿಯದು. ಮದ್ಯದ ಲೈಸೆನ್ಸೋ ಕೈಗೆಟುಕದು. ಗಿರಾಕಿಯೇ ಬಾಟಲಿ ತಂದರೆ ಇಬ್ಬರ ಕಷ್ಟವೂ ತೀರಿತಲ್ಲ! ಪಕ್ಕದ ನ್ಯೂಜಿಲೆಂಡ್ 1976ರಲ್ಲಿ ಇದಕ್ಕೆಂದೇ ಬೇರೆ ಲೈಸೆನ್ಸ್ ಮಾಡಿತು.

ನನ್ನ ಭಾಮೈದ ಇರುವುದು ಮೆಲ್ಬರ್ನಿನಲ್ಲಿ. ಮಗನನ್ನು ನೋಡಲು ಹೊರಟ ಅತ್ತೆಯ ಜೊತೆಗೆ ನಾವಿಬ್ಬರೂ ಹೊರಟೆವು. ಆಸ್ಟ್ರೇಲಿಯಾದೊಳಕ್ಕೆ ವಯಸ್ಕರೊಬ್ಬರು ಸುಂಕವಿಲ್ಲದೆ 2.25 ಲೀಟರ್ ಮದ್ಯ ಒಯ್ಯಬಹುದು. 750 ಮಿಲಿಲೀಟರಿನ ವೈನ್ ಬಾಟಲಿಗೆ ಇದನ್ನು ಭಾಗಿಸಿ, ಸರಿಯಾಗಿ ಮೂರು ಬಂದುಬಿಡುತ್ತದೆ, ಉಳಿಕೆ ಸೊನ್ನೆ. ಇಂಥ ಚಂದದ ಲೆಕ್ಕ ಸಿಕ್ಕಾಗ ನನಗೆ ಸುಮ್ಮನಿರಲಾಗುವುದಿಲ್ಲ. ಅತ್ತೆಯ ಪಾಲಿನ ಮೂರು ಬಾಟಲಿ ವ್ಯರ್ಥವಾಗುತ್ತಿದೆ ಎಂದೆ. ಹೆಂಡತಿ ನೋಡಿದ ನೋಟಕ್ಕೆ ಒಟ್ಟು ಲೆಕ್ಕ ಒಂಬತ್ತರಿಂದ ಒಂದಕ್ಕೆ ಇಳಿಯಿತು. ಆ ಒಂದು, ನಂದಿ ಬೆಟ್ಟದ ಬುಡದ ಕೆಂಪು ವೈನ್. 1988ರಲ್ಲಿ ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ತಳಿಯ ಬಳ್ಳಿ ನೆಟ್ಟ ಮೇಲೆ ಆ ಸೀಮೆಯ ದ್ರಾಕ್ಷಿಗೂ ಲೋಟದ ಯೋಗ ಬಂದಿದೆ. ನಮ್ಮ ನೆಲದ್ದು ಅವರ ಮೇಜಿನ ಮೇಲೆ ಕೂರಬೇಕು ಎಂದು ನಾನು ಅಭಿಮಾನದಿಂದ ಹೇಳುತ್ತಿದ್ದಾಗ, ಅಲ್ಲಿನ ಹೋಟೆಲುಗಳಲ್ಲಿ ವೈನಿಗೆ ಅಂಗಡಿಯ ಎರಡು ಮೂರು ಪಟ್ಟು ಬೆಲೆ ಎಂಬುದನ್ನು ಹೇಳಲಿಲ್ಲ.

ಕ್ಯಾಬಿನ್ ಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಒಯ್ಯುವಂತಿಲ್ಲ. ಅತ್ತೆಯ ಹಳೆಯ ಇಳಕಲ್ ಸೀರೆಯಲ್ಲಿ ನಾಲ್ಕು ಸುತ್ತು ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ, ಸೂಟ್‌ಕೇಸಿನ ನಟ್ಟನಡುವೆ ಮಲಗಿಸಿದೆವು. ಮೆಲ್ಬರ್ನಿನ ತನಿಖೆಯವರು ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ಬೀಜ ಇದೆಯಾ, ಸೊಪ್ಪು ಇದೆಯಾ, ಬೂಟಿನಲ್ಲಿ ಹೊಲದ ಮಣ್ಣಿದೆಯಾ, ಇವೇ ಪ್ರಶ್ನೆ. ಅವರ ಭಯಕ್ಕೆ ಕಾರಣವೂ ಇದೆ. 1877ರಲ್ಲಿ ಜೀಲಾಂಗ್ ಊರಿನ ಹತ್ತಿರ ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಕಾಣಿಸಿಕೊಂಡು, ಅಲ್ಲಿನ ತೋಟಗಳನ್ನೇ ಕಿತ್ತುಹಾಕಿಸಿತು. ಈಗಲೂ ಯಾರಾ ಕಣಿವೆಯ ತೋಟಗಳಲ್ಲಿ ಬಳ್ಳಿಗಳ ನಡುವೆ ಓಡಾಡಬೇಡಿ ಎಂಬ ಬೋರ್ಡುಗಳಿವೆ.

ಊಟಕ್ಕೆ ಹೋದದ್ದು ಲೈಗನ್ ಸ್ಟ್ರೀಟಿನ ಒಂದು ಇಟಾಲಿಯನ್ ಹೋಟೆಲಿಗೆ. ಭಾಮೈದ ದಾರಿಯಲ್ಲಿ ಹತ್ತು ಡಾಲರಿಗೆ ಕ್ಲೇರ್ ಕಣಿವೆಯ ರೀಸ್ಲಿಂಗ್ ಒಂದನ್ನು ಕೊಂಡ. “ಭಾವ, ನಿಮ್ಮದೊಂದೇ ಸಾಲದು,” ಎಂದ. ಬಾಟಲಿ ತೆರೆದು ಲೋಟ ಕೊಡುವುದಕ್ಕೆ ಆ ಹೋಟೆಲಿನವರು ತೆಗೆದುಕೊಳ್ಳುವ ಕಾರ್ಕೇಜ್ ಬಾಟಲಿಗೆ ಹನ್ನೆರಡು ಡಾಲರ್. ಮೂಗಿಗಿಂತ ಮೂಗುತಿ ಭಾರ. ಆದರೂ ಗೊಣಗಬಾರದು. ಕ್ಯಾಲಿಫೋರ್ನಿಯಾದ ಫ್ರೆಂಚ್ ಲಾಂಡ್ರಿ ಎಂಬ ಹೆಸರಾಂತ ಊಟದ ಮನೆಯಲ್ಲಿ ಇದೇ ಕೆಲಸಕ್ಕೆ 150 ಡಾಲರಿಗೂ ಮೇಲೆ ಎಣಿಸಬೇಕು.

ಹೀಗೆ ಬಾಟಲಿ ಒಯ್ಯುವುದರಲ್ಲಿ ಒಂದಿಷ್ಟು ಮರ್ಯಾದೆಯ ಪಾಠವೂ ಇದೆ. ಆ ಹೋಟೆಲಿನ ಪಟ್ಟಿಯಲ್ಲೇ ಇರುವ ವೈನನ್ನು ಹೊರಗಿನಿಂದ ಕೊಂಡು ತರಬಾರದು; ಅದು ಮದುವೆ ಮನೆಯ ಮುಂದೆ ನಿಂತು ಟಿಫಿನ್ ಕ್ಯಾರಿಯರ್ ಬಿಚ್ಚಿದ ಹಾಗೆ. ಬಡಿಸುವವನಿಗೂ ಒಂದು ಗುಟುಕು ರುಚಿ ನೋಡಲು ಕೊಡಬೇಕು. ಈ ಎರಡನೆಯದು ನನಗೆ ಬಹಳ ಹಿಡಿಸಿತು, ಯಾಕೆಂದರೆ ರಸಿಕನ ವೇಷಕ್ಕೆ ಅದು ಕಿರೀಟ.

ನಂದಿಯ ಬಾಟಲಿ ಬಡಿಸಲು ಬಂದ ಹುಡುಗನ ಕೈಯಲ್ಲಿ ಎರಡು ಸಲ ತಿರುಗಿತು. ಇಂಡಿಯಾ ಎಂದು ಓದಿ ಹುಬ್ಬೇರಿಸಿದ. ತಿರುಪು ಒತ್ತಿ ಎಳೆದ. ಕಾರ್ಕ್ ಅರ್ಧಕ್ಕೆ ಮುರಿಯಿತು. ಪೋರ್ಚುಗಲ್ಲಿನ ಯಾವುದೋ ಓಕ್ ಮರ ಒಂಬತ್ತು ವರ್ಷಕ್ಕೊಮ್ಮೆ ಕೊಡುವ ತೊಗಟೆ ಅದು, ಅವನ ಕೈಯಲ್ಲಿ ಪುಡಿಪುಡಿ. ಉಳಿದರ್ಧವನ್ನು ಓರೆಯಾಗಿ ಚುಚ್ಚಿ ಕೀಳಲು ನೋಡಿದ, ಅದು ಒಳಗೆ ಜಾರಿತು. ಕೊನೆಗೆ ಅಡುಗೆಮನೆಯಿಂದ ಚಹಾ ಸೋಸುವ ಜಾಲರಿ ತಂದು ಒಂದೊಂದೇ ಲೋಟಕ್ಕೆ ಸೋಸಿ ಕೊಟ್ಟ. ಹನ್ನೆರಡು ಡಾಲರಿಗೆ ನ್ಯಾಯವಾಗಿ ದುಡಿದ ಎಂದು ನನಗೇ ಕನಿಕರ ಬಂತು.

ರೀಸ್ಲಿಂಗಿನ ಸರದಿ. ಹಾಳಾದ ಕಾರ್ಕಿನಿಂದ ವೈನಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆಂದು ಬೇಸತ್ತು ಕ್ಲೇರ್ ಕಣಿವೆಯ ತಯಾರಕರು 2000ದಲ್ಲಿ ಒಗ್ಗಟ್ಟಾಗಿ ತಿರುಗಿಸುವ ಮುಚ್ಚಳಕ್ಕೆ ಬದಲಾಯಿಸಿದರು. ಹುಡುಗ ಎರಡು ಬೆರಳಿನಲ್ಲಿ ‘ಟಕ್’ ಎನ್ನಿಸಿದ. ಅದಕ್ಕೂ ಹನ್ನೆರಡೇ! ಇಲ್ಲದ ಕಾರ್ಕಿಗೆ ಕಾರ್ಕೇಜ್. ಮುಂದಿನ ಸಲ ಮುಚ್ಚಳ ನಾನೇ ತೆಗೆದುಕೊಂಡು ಬಂದರೆ ರಿಯಾಯಿತಿ ಉಂಟೇ ಎಂದು ಕೇಳಬೇಕೆಂದಿದ್ದೆ, ಹೆಂಡತಿ ಕಾಲು ತುಳಿದಳು.

ಅಷ್ಟರಲ್ಲಿ ಅತ್ತೆ ತಮ್ಮ ಬಿವೈಓ ಶುರು ಮಾಡಿದ್ದರು. ಮಗನ ಮನೆಯ ಮಿಕ್ಸಿಯಲ್ಲಿ ಬೆಳಿಗ್ಗೆಯೇ ಪುಡಿ ಮಾಡಿದ್ದ ಚಟ್ನಿಪುಡಿಯ ಡಬ್ಬಿ ವ್ಯಾನಿಟಿ ಬ್ಯಾಗಿನಿಂದ ಹೊರಬಂತು. ಇಟಲಿಯವರ ಬ್ರೆಡ್ಡು, ಅವರದೇ ಆಲಿವ್ ಎಣ್ಣೆ, ನಮ್ಮ ಪುಡಿ. ಭಾಮೈದ ಬೆವೆತ: “ಅಮ್ಮಾ, ಇಲ್ಲಿ ಹೊರಗಿನ ಕೇಕ್ ತಂದರೂ ತಲೆಗಿಷ್ಟು ಅಂತ ಚಾರ್ಜ್ ಹಾಕ್ತಾರೆ, ಒಳಗಿಡು.” ಅವನು ಹೇಳಿದ್ದು ನಿಜ, ಅಲ್ಲಿ ಅದಕ್ಕೆ ಕೇಕೇಜ್ ಅಂತಲೇ ಹೆಸರು. ಅತ್ತೆ ಕೇಳಲಿಲ್ಲ. ವೈನಿನ ಗುಟುಕು ಕೊಟ್ಟಾಗ ಸೌಜನ್ಯಕ್ಕೆ ತಲೆಯಾಡಿಸಿದ್ದ ಆ ಹುಡುಗ, ಚಟ್ನಿಪುಡಿ ಮೆತ್ತಿದ ಬ್ರೆಡ್ ತಿಂದವನು ಇನ್ನೊಂದು ತುಂಡಿಗೆ ಕೈಯೊಡ್ಡಿದ.

ಬಿಲ್ಲಿನಲ್ಲಿ ಕಾರ್ಕೇಜ್ ಇಪ್ಪತ್ನಾಲ್ಕು ಡಾಲರ್. ಚಟ್ನಿಪುಡಿಗೆ ಏನೂ ಇಲ್ಲ. ನಾನು ಪಟ್ಟಿಯ ವೈನಿನ ಬೆಲೆಯ ಜೊತೆ ತಾಳೆ ಹಾಕುತ್ತಾ, ಉಳಿತಾಯ ಆಗಿದೆಯೆಂದು ತೋರಿಸಲು ಹೆಣಗುತ್ತಿದ್ದೆ. ಅತ್ತೆ ಖಾಲಿ ರೀಸ್ಲಿಂಗ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಮುಚ್ಚಳವನ್ನು ತಿರುಗಿಸಿ, ಬಿಗಿಮಾಡಿ, ತಲೆಕೆಳಗು ಮಾಡಿ ನೋಡಿದರು. “ಅಳಿಯಂದ್ರೇ, ಇದು ಸೋರಲ್ಲ. ಕೊಬ್ಬರಿ ಎಣ್ಣೆಗೆ ಆಗತ್ತೆ,” ಎಂದು ಬ್ಯಾಗಿಗೆ ಹಾಕಿಕೊಂಡರು. ನಂದಿಯ ಬಾಟಲಿಯತ್ತ ನೋಡಿ, “ಅದು ಬೇಡ, ಮುಚ್ಚಳ ಸರಿಯಿಲ್ಲ,” ಎಂದರು.