ಸಹಜ ಸಾಮರ್ಥ್ಯ ಪರಿಶೀಲನೆ

ಉದ್ಯೋಗಿಯ ಕೊರತೆಗಳನ್ನು ತಿದ್ದುವುದಕ್ಕಿಂತ ಆತನ ಸಹಜ ಸಾಮರ್ಥ್ಯಗಳನ್ನು ಬೆಳೆಸುವುದೇ ಲಾಭಕರವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಲಿಫ್ಟನ್ ಪ್ರತಿಪಾದಿಸಿದರು. ಗ್ಯಾಲಪ್ ಸಂಸ್ಥೆ ನಡೆಸುವ ಅವರ ಪರೀಕ್ಷೆಯು, 177 ಜೋಡಿ ಹೇಳಿಕೆಗಳಲ್ಲಿ ಒಂದೊಂದಕ್ಕೂ 20 ಸೆಕೆಂಡುಗಳೊಳಗೆ ಉತ್ತರಿಸಿದವರಿಗೆ, 34 ‘ಥೀಮ್’ಗಳ, ಅಂದರೆ ಸ್ವಭಾವದ ಪ್ರಧಾನ ಒಲವುಗಳ, ಪೈಕಿ ಮೊದಲ ಐದನ್ನು ತಿಳಿಸುತ್ತದೆ. ಈ ತತ್ತ್ವವು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದಕ್ಕೆ ಇಳಿದು ಬಂದಾಗ ನಡೆಯಬಹುದಾದ ಸಂವಾದದ ಸ್ವರೂಪ ಹೀಗಿರುತ್ತದೆ.

ಮಾನವ ಸಂಪನ್ಮೂಲಾಧಿಕಾರಿ: ತಮ್ಮ ಸಹಜ ಸಾಮರ್ಥ್ಯವನ್ನು ಸಂಕೋಚವಿಲ್ಲದೆ ಹಂಚಿಕೊಳ್ಳಬೇಕು.

ಉದ್ಯೋಗಿ: ಮೊದಲ ಸ್ಥಾನ ಬಂದಿರುವುದು ‘ಡೆಲಿಬರೇಟಿವ್’ಗೆ, ಅಂದರೆ ಅಪಾಯವನ್ನು ಮುಂಚೆಯೇ ಕಂಡು ಎಚ್ಚರದಿಂದ ಹೆಜ್ಜೆಯಿಡುವ ಗುಣಕ್ಕೆ. ಶುಕ್ರವಾರ ಸಂಜೆ ಸಾಫ್ಟ್‌ವೇರ್ ಬಿಡುಗಡೆ ಮಾಡಬಾರದೆಂದು ಮಿಂಚಂಚೆ ಹೋಗಿದ್ದು ಅದರಿಂದಲೇ.

ಅಧಿಕಾರಿ: ಅದು ಸಾಮರ್ಥ್ಯವಲ್ಲ, ನಕಾರಾತ್ಮಕ ಧೋರಣೆ. ಎರಡನೆಯದು?

ಉದ್ಯೋಗಿ: ‘ಕಮಾಂಡ್’, ಅಂದರೆ ಅಂಜದೆ ಮಾತಾಡಿ ಮುಂದಾಳಾಗುವ ಗುಣ.

ಅಧಿಕಾರಿ: ಅದು ವ್ಯವಸ್ಥಾಪಕರಿಗೆ ಈಗಾಗಲೇ ಮಂಜೂರಾಗಿದೆ. ಮೂರನೆಯದು?

ಉದ್ಯೋಗಿ: ‘ರೆಸ್ಪಾನ್ಸಿಬಿಲಿಟಿ’, ಅಂದರೆ ಒಪ್ಪಿಕೊಂಡ ಕೆಲಸವನ್ನು ಮುಗಿಸದೆ ಬಿಡದ ಸ್ವಭಾವ.

ಅಧಿಕಾರಿ: ಸಂಸ್ಥೆ ಅರಸುತ್ತಿದ್ದ ರತ್ನ ಇದೇ! ರಾಜೀನಾಮೆ ಕೊಟ್ಟು ಹೋದ ಇಬ್ಬರ ಕೆಲಸವನ್ನೂ, ಅವರು ಅರ್ಧಕ್ಕೆ ಬಿಟ್ಟ ಎಕ್ಸೆಲ್ ಕಡತಗಳ ಸಮೇತ, ಇಂದಿನಿಂದ ಈ ಸಾಮರ್ಥ್ಯಕ್ಕೇ ಒಪ್ಪಿಸಲಾಗಿದೆ.

ಉದ್ಯೋಗಿ: ಅದಕ್ಕೆ ತಕ್ಕ ಸಂಬಳ?

ಅಧಿಕಾರಿ: ಸಹಜವಾಗಿ ಬಂದದ್ದಕ್ಕೆ ಸಂಬಳ ಕೇಳುವುದು ಅಸಹಜ.