ಕಾಮೆಂಟು ಶೂರರಿಗೊಂದು ಬಿನ್ನವತ್ತಳೆ



ತಮ್ಮನ್ನು ಹೆಸರು ಹಿಡಿದು ಕರೆಯೋಣವೆಂದರೆ ಹೆಸರಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಸಿಂಹವೋ ನೆಚ್ಚಿನ ನಟನೋ ಕೂತಿದ್ದಾರೆ. ಆದರೂ ನಾಡಿನ ಹೆಣ್ಣುಮಕ್ಕಳ ಶೀಲ ಕಾಯುವ ಕೆಲಸವನ್ನು ಸಂಬಳವಿಲ್ಲದೆ, ಹಗಲು ರಾತ್ರಿಯೆನ್ನದೆ, ಮೊಬೈಲಿನ ಚಾರ್ಜು ಮುಗಿಯುವ ತನಕ ಮಾಡುತ್ತ ಬಂದಿದ್ದೀರಿ. ಇಂಥವರಿಗೆ ಬಿನ್ನವತ್ತಳೆ ಅರ್ಪಿಸದಿದ್ದರೆ ನಾವು ಕೃತಘ್ನರಾಗುತ್ತೇವೆ.

ತಮ್ಮ ಕಾನೂನು ಪಾಂಡಿತ್ಯವಂತೂ ಬೆರಗು ಹುಟ್ಟಿಸುವಂಥದ್ದು. ಯಾರಾದರೂ ಕೇಸು ಹಾಕುತ್ತೇನೆಂದರೆ, "ಬ್ರೋ, ಆ ಸೆಕ್ಷನ್ನೇ ಈಗ ಇಲ್ಲ" ಎನ್ನುತ್ತೀರಿ. ನಿಜವೇ. ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆದರೆ ಅದು ಹೋದದ್ದು ತಮ್ಮ ಪುಣ್ಯಕ್ಕಲ್ಲ. 2012ರಲ್ಲಿ ಶಿವಸೇನೆಯ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆಂದು ಫೇಸ್‌ಬುಕ್ಕಿನಲ್ಲಿ ಬರೆದ ಪಾಲ್ಘರ್‌ನ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಹಾಗೆ ಕಂಡಕಂಡವರ ಮೇಲೆ ಬೀಸಬಹುದಾದಷ್ಟು ಅಸ್ಪಷ್ಟವಾಗಿತ್ತೆಂದೇ ಆ ದೊಣ್ಣೆಯನ್ನು ಕೋರ್ಟು ಮುರಿದುಹಾಕಿತು. ಮುರಿದ ಮೇಲೂ ಬೀಸುವುದು ನಿಲ್ಲಲಿಲ್ಲವೆನ್ನಿ. ರದ್ದಾದ ಸೆಕ್ಷನ್ನಿನಡಿ ಇನ್ನೂ ಕೇಸು ಹಾಕುತ್ತಿದ್ದಾರೆಂದು ಕೇಳಿ 2021ರಲ್ಲಿ ನ್ಯಾಯಮೂರ್ತಿಗಳೇ ಬೆಚ್ಚಿಬಿದ್ದರು. 2022ರಲ್ಲಿ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು. ಸತ್ತ ಸೆಕ್ಷನ್ನನ್ನು ಏಳು ವರ್ಷ ಮರೆಯದ ವ್ಯವಸ್ಥೆಯಿದು. ದೂರು ಹಿಡಿದು ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಾಗ ಮಾತ್ರ ಅದಕ್ಕೆ ಬದುಕಿರುವ ಸೆಕ್ಷನ್ನುಗಳು ನೆನಪಾಗುವುದಿಲ್ಲ.

ತಮ್ಮ ಧೈರ್ಯದ ಗುಟ್ಟು ಇಲ್ಲೇ ಇದೆ. ಅವಳು ಠಾಣೆಗೆ ಹೋದರೆ ಮೊದಲ ತೀರ್ಪು ಬರುವುದು ಕಟಕಟೆಯಿಂದಲ್ಲ, ಬಾಗಿಲ ಬೆಂಚಿನಿಂದ: "ಅಕೌಂಟ್ ಡಿಲೀಟ್ ಮಾಡ್ಬಿಡಮ್ಮ, ಸುಮ್ನೆ ಯಾಕೆ ತಲೆನೋವು?" ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗೆ ಹೋಗಿ ಎನ್ನುತ್ತಾರೆ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಸರಿ. ಆದರೆ ಅಪರಾಧ ಎಲ್ಲೇ ನಡೆದಿರಲಿ, ದೂರು ಬಂದ ಠಾಣೆಯೇ ಮೊದಲು ಎಫ್‌ಐಆರ್ ದಾಖಲಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಬೆಂಚಿಗೆ ಅದು ಕೇಳಿಸುವುದಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಅವಳ ಮೊಬೈಲು ಜಪ್ತಾಗಿರುತ್ತದೆ, ಕಾಲೇಜು ಬಿಡಿಸುವ ಮಾತು ಎದ್ದಿರುತ್ತದೆ. ವಿಚಾರಣೆಯೂ ಇಲ್ಲ, ವಕೀಲರೂ ಇಲ್ಲ, ಮೇಲ್ಮನವಿಯೂ ಇಲ್ಲ. ತಮ್ಮ ಅಪರಾಧಕ್ಕೆ ಇಷ್ಟು ಚುರುಕಾಗಿ ಶಿಕ್ಷೆಯಾಗುವುದು ಅವಳಿಗೇ.

ತಮ್ಮ ನೈತಿಕ ನಿಷ್ಠೆಯನ್ನೂ ಇಲ್ಲಿ ಸ್ಮರಿಸಬೇಕು. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬ ಬೆಂಗಳೂರಿನಲ್ಲಿ ಕೊಲೆಯಾದ. ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ್ದೇ ಕಾರಣವೆಂಬುದು ಪೊಲೀಸರ ಆರೋಪ. ಆರೋಪಿಗಳಲ್ಲಿ ನಟ ದರ್ಶನ್ ಕೂಡ ಇದ್ದಾರೆ. ತಪ್ಪು ಯಾರದೆಂದು ಹೇಳಬೇಕಾದದ್ದು ನ್ಯಾಯಾಲಯ. ತಾವು ಮಾತ್ರ ಅಷ್ಟೆಲ್ಲ ಕಾಯಲಿಲ್ಲ. ಹೆಣ್ಣಿಗೆ ಕೆಟ್ಟ ಮೆಸೇಜು ಕಳಿಸಿದವನಿಗೆ ಹಾಗೇ ಆಗಬೇಕು ಎಂದು ಬರೆದಿರಿ. ಮರುವರ್ಷ ಜುಲೈನಲ್ಲಿ ನಟಿ ರಮ್ಯಾ, ಸುಪ್ರೀಂ ಕೋರ್ಟಿನಿಂದ ಆ ಯುವಕನ ಕುಟುಂಬಕ್ಕೆ ನ್ಯಾಯ ಸಿಗುವ ಭರವಸೆಯಿದೆ ಎಂದಾಗ, ಅದೇ ತಾವು ಅದೇ ಬಗೆಯ ಮೆಸೇಜುಗಳನ್ನು ಅವರಿಗೆ ರವಾನಿಸಿದಿರಿ. ಯಾವ ಅಪರಾಧಕ್ಕೆ ಮರಣದಂಡನೆಯೇ ಸರಿ ಎಂದಿದ್ದಿರೋ, ಅದನ್ನೇ ಸಾಮೂಹಿಕವಾಗಿ ಮಾಡಿ ತೋರಿಸಿದಿರಿ! ರಮ್ಯಾ ನೇರವಾಗಿ ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು, ತಮ್ಮಲ್ಲಿ ಕೆಲವರು ಒಳಗೆ ಹೋದರು. ಅಲ್ಲಿಗೆ ಒಂದು ಸಂಗತಿ ಖಾತ್ರಿಯಾಯಿತು: ಮನಸ್ಸು ಮಾಡಿದರೆ ನಕಲಿ ಖಾತೆಯ ಹಿಂದಿನ ಮನುಷ್ಯನನ್ನು ಹುಡುಕುವುದು ಪೊಲೀಸರಿಗೆ ಬರುತ್ತದೆ. ಕಮಿಷನರ್ ತನಕ ಹೋಗಲಾರದವಳ ದೂರಿಗೂ ಆ ಮನಸ್ಸು ಬರಬೇಕು, ಅಷ್ಟೇ.

ತಮ್ಮ ಸೇವೆಯನ್ನು ಗುರುತಿಸುವಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನನಷ್ಟಕ್ಕೆ ಜೈಲು, ದಂಡದ ಜೊತೆಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಲಾಗಿದೆ. ಸಮಾಜಸೇವೆಯೆಂದೇ ನಂಬಿ ಬೈಯುತ್ತಿದ್ದ ತಮಗೆ ಇದು ಬಡ್ತಿಯಲ್ಲವೇ? ಅಶ್ಲೀಲ ಬರಹ, ಚಿತ್ರ ಹರಿಯಬಿಟ್ಟರೆ ಐಟಿ ಕಾಯ್ದೆಯ 67ನೇ ಸೆಕ್ಷನ್ನಿನಡಿ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಹೆಣ್ಣಿನ ಶೀಲಕ್ಕೆ ಮಸಿ ಬಳಿಯುತ್ತೇನೆಂದು ಬೆದರಿಸಿದರೆ ನ್ಯಾಯ ಸಂಹಿತೆಯಡಿ 7 ವರ್ಷದವರೆಗೆ. ಹೆಸರು, ವಿಳಾಸ ಮರೆಸಿ ಬೆದರಿಸಿದರೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ 2 ವರ್ಷದವರೆಗೆ ಸೇರುತ್ತದೆ. ರಕ್ಷಣೆಗೆಂದು ತಾವು ಹಾಕಿಕೊಂಡ ಸಿಂಹದ ಮುಖಕ್ಕೆ ಕಾನೂನು ಕಟ್ಟಿರುವ ಬೆಲೆ ಅದು.

ಬೇಡವೆಂದ ಹೆಣ್ಣನ್ನು ಆನ್‌ಲೈನಿನಲ್ಲಿ ಬೆನ್ನಟ್ಟುವುದು ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿಗೆ ಬರುತ್ತದೆ. ಮೊದಲ ಸಲ ಜಾಮೀನು ಸಿಗುತ್ತದೆ. ಎರಡನೇ ಸಲ ಅದು ಜಾಮೀನುರಹಿತ ಅಪರಾಧ, 5 ವರ್ಷದವರೆಗೆ ಜೈಲು.