ಥೈರಾಯ್ಡ್ ಕಾಕೂ

ರನ್ನ ಬೆಳಗಲಿಯಂಥ ಊರುಗಳಲ್ಲಿ ಓಣಿಗೊಬ್ಬ ಥೈರಾಯ್ಡ್ ಕಾಕೂ ಇರುತ್ತಾಳೆ. ಗಂಡಸರಲ್ಲಿ ಈ ತೊಂದರೆ ಕಡಿಮೆ, ಹಾಗಾಗಿ ಥೈರಾಯ್ಡ್ ಕಾಕಾ ಸಿಗುವುದು ಅಪರೂಪ. ಕಬ್ಬಿನ ಬಿಲ್ಲು, ಹೊಲದ ಉತಾರ ಎಲ್ಲ ಗಂಡನ ಸುಪರ್ದಿ. ಸೀರೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಮಡಚಿಟ್ಟ ರಿಪೋರ್ಟುಗಳು ಮಾತ್ರ ಆಕೆಯ ಸ್ವಂತ ಆಸ್ತಿ. ಆರಾಮ ಅದೀರೇನ್ರಿ ಎಂದು ಕೇಳಿದವರಿಗೆ ಉತ್ತರ ಅಂಕಿಯಲ್ಲೇ ಬರುತ್ತದೆ: “ಏಳೂವರಿ ಐತೆವಾ.” ನೆಗೆಣ್ಣಿಯದು ಹನ್ನೊಂದು ಎಂದು ತಿಳಿದರೆ ಆಕೆಗೆ ಮರುಕ ಹುಟ್ಟುತ್ತದೆ, ಅದರೊಳಗೆ ಸೋತ ಬೇಸರವೂ ಒಂಚೂರು ಇರುತ್ತದೆ.

“ನನ್ನ ಥೈರಾಯ್ಡ್ ಭಾಳ ಹೆಚ್ಚಾಗೈತಿ” ಎಂಬುದು ಆಕೆಯ ಖಾಯಂ ಮಾತು. ನಿಜವಾಗಿ ಹೆಚ್ಚಿರುವುದು ಟಿಎಸ್‌ಎಚ್ ಎಂಬ ಹಾರ್ಮೋನು. ಅದನ್ನು ಸುರಿಸುವುದು ಕುತ್ತಿಗೆಯ ಗ್ರಂಥಿಯಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಥೈರಾಯ್ಡ್ ಮೈಗಳ್ಳತನ ಮಾಡಿದಷ್ಟೂ ಪಿಟ್ಯುಟರಿ, ಬದುವಿನ ಮೇಲೆ ನಿಂತ ಯಜಮಾನನ ಹಾಗೆ, ದನಿ ಏರಿಸುತ್ತದೆ. ರಿಪೋರ್ಟಿನಲ್ಲಿ ಅಚ್ಚಾಗುವುದು ಆ ಕೂಗಿನ ಅಳತೆ. ದೊಡ್ಡವರಲ್ಲಿ ಸುಮಾರು 0.4ರಿಂದ 4ರವರೆಗೆ ಇದ್ದರೆ ಸರಿ. ಬಸುರಿಯರ ಲೆಕ್ಕ ಬೇರೆ. ಏಳೂವರೆ ಇದ್ದರೂ ಥೈರಾಯ್ಡಿನದೇ ಹಾರ್ಮೋನಾದ ಟಿ-4 ಸರಿಯಿದ್ದರೆ ಕೆಲವು ವೈದ್ಯರು ಮಾತ್ರೆ ಬರೆಯದೆ ಕಾದು ನೋಡುತ್ತಾರೆ. ಅಂಥ ವೈದ್ಯರ ಬಳಿಗೆ ಕಾಕೂ ಎರಡನೆಯ ಸಲ ಹೋಗುವುದಿಲ್ಲ.

ಪರೀಕ್ಷೆಯ ದಿನ ಆಕೆ ಹನಿ ನೀರೂ ಮುಟ್ಟದೆ ಬರುತ್ತಾಳೆ. “ಇದಕ್ಕ ಉಪಾಸ ಬೇಕಾಗಿಲ್ರಿ ಕಾಕೂ” ಎಂದು ಲ್ಯಾಬಿನ ಹುಡುಗ ಹೇಳಿದರೆ, “ಉಪಾಸ ಇಲ್ದ ಅದೆಂಥಾ ಟೆಸ್ಟಪಾ?” ಎಂದು ಅವನ ವಿದ್ಯೆಯನ್ನೇ ಸಂಶಯಿಸುತ್ತಾಳೆ. ಬರಿಹೊಟ್ಟೆ ನಿಜಕ್ಕೂ ಬೇಕಾದದ್ದು ಥೈರಾಕ್ಸಿನ್ ಮಾತ್ರೆಗೆ. ನುಂಗಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಚಹಾ ತಡೆಯಬೇಕು. ಅದನ್ನು ಕಾಕೂ ದಿನವೂ ಚಹಾದ ಜೊತೆಗೇ ಇಳಿಸುತ್ತಾಳೆ.

ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನನ ಊರಿನಲ್ಲಿ ಹೆಂಗಸರ ಕೈಗೆ ಬಳೆಯ ಬರವಿಲ್ಲ. ಮುಷ್ಟಿ ಬಿಗಿಹಿಡಿಯಿರಿ ಎಂದೊಡನೆ ಹಸಿರು ಗಾಜು ಗಲಗಲ ಎನ್ನುತ್ತದೆ, ಕಾಕೂ ಮುಖ ಗೋಡೆಗೆ ತಿರುಗುತ್ತದೆ. ತೆಗೆಯುವುದು ಮೂರ್ನಾಲ್ಕು ಮಿಲಿಲೀಟರ್. ಮನೆ ಮುಟ್ಟುವಷ್ಟರಲ್ಲಿ ಅದು ಒಂದು ವಾಟಗಾ ಆಗಿರುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಕೊಳವೆಯನ್ನು ಗರಗರ ತಿರುಗಿಸಿ, ಮೇಲೆ ನಿಂತ ಹಳದಿ ಸೀರಂ ಅನ್ನು ಯಂತ್ರಕ್ಕೆ ಕೊಡುತ್ತಾರೆ. ಪ್ರತಿಕಾಯಗಳು ಹಾರ್ಮೋನನ್ನು ಹುಡುಕಿ ಹಿಡಿಯುತ್ತವೆ, ಹೊಮ್ಮುವ ಬೆಳಕಿನಿಂದ ಪ್ರಮಾಣ ತಿಳಿಯುತ್ತದೆ. ರೊಸಾಲಿನ್ ಯಾಲೊ 1977ರಲ್ಲಿ ನೊಬೆಲ್ ಪಡೆದದ್ದು ಇದರ ಹಿರಿಯ ವಿಧಾನಕ್ಕೆ. ಅಲ್ಲಿ ಬೆಳಕಿನ ಬದಲು ವಿಕಿರಣವನ್ನು ಅಳೆಯುತ್ತಿದ್ದರು.

ಯಂತ್ರವನ್ನೂ ಯಾಮಾರಿಸುವ ವಿದ್ಯೆ ಕಾಕೂಗೆ ಗೊತ್ತಿಲ್ಲದೆಯೇ ಸಿದ್ಧಿಸಿದೆ. ಥೈರಾಯ್ಡಿನಿಂದ ಕೂದಲು ಉದುರುತ್ತದೆಂದು ಮೆಡಿಕಲ್ ಶಾಪಿನಿಂದ ತಂದ ಗುಳಿಗೆಯಲ್ಲಿ ಬಯೋಟಿನ್ ಇರುತ್ತದೆ. ಅದು ಹೆಚ್ಚಾದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಇಳಿದು, ಟಿ-4 ಸುಳ್ಳೇ ಏರಿ, ಮಂದ ಗ್ರಂಥಿಯೂ ಚುರುಕಾದಂತೆ ತೋರುತ್ತದೆ. ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಆದರೆ ಗುಳಿಗೆಯ ವಿಷಯ ಕಾಕೂ ಲ್ಯಾಬಿನಲ್ಲಿ ಬಾಯಿಬಿಡುವುದಿಲ್ಲ.

ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನಿಲ್ಲಲು ಆರರಿಂದ ಎಂಟು ವಾರ ಬೇಕು. ಕಾಕೂ ಹತ್ತನೆಯ ದಿನಕ್ಕೇ ಕೈ ಚಾಚುತ್ತಾಳೆ. ಮುಂದೊಂದು ದಿನ ಅಂಕಿ ಎರಡಕ್ಕೆ ಇಳಿದರೆ ಓಣಿಗೆ ಸುದ್ದಿ ಮುಟ್ಟುವುದಿಲ್ಲ. ಮುಂದುವರಿಸಿರೆಂದು ವೈದ್ಯರು ಹೇಳಿದ್ದರೂ ಮಾತ್ರೆ ಡಬ್ಬಿ ಮಾಡ ಸೇರುತ್ತದೆ. ಕೆಲವು ತಿಂಗಳಲ್ಲಿ ಅಂಕಿ ಮತ್ತೆ ಏರಿದಾಗ ಕಾಕೂ ಲ್ಯಾಬ್ ಬದಲಿಸುತ್ತಾಳೆ.